ರಕ್ತದ ರಿಪೋರ್ಟ್ ಕರುಳಿನ ಬಗ್ಗೆ ಎಷ್ಟು ಹೇಳುತ್ತದೆ?

(ಕರುಳಿನ ಉರಿಯೂತದ ಕಾಯಿಲೆ ಇರುವವರು ಮತ್ತು ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಲಾಗಿದೆ.)

ಕರುಳಿನಲ್ಲಿ ಹುಣ್ಣಿದೆಯೋ ಇಲ್ಲವೋ ಎಂದು ನೇರವಾಗಿ ಹೇಳುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಕ್ರೋನ್ಸ್ ಕಾಯಿಲೆ ಅಥವಾ ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತದ ಕಾಯಿಲೆಗಳಿರುವವರ ಫೈಲು ಬಿಚ್ಚಿದರೆ ಅರ್ಧಕ್ಕರ್ಧ ರಕ್ತದ ರಿಪೋರ್ಟುಗಳೇ ಇರುತ್ತವೆ. ಪ್ರತಿ ಹಾಳೆಯಲ್ಲೂ ಒಂದೆರಡು ಸಂಖ್ಯೆಗಳು ದಪ್ಪಕ್ಷರದಲ್ಲಿ ಕಾಣುತ್ತವೆ, ಮನೆಯವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. “ಸಿಆರ್‌ಪಿ ಜಾಸ್ತಿಯಾಗಿದೆ, ಕಾಯಿಲೆ ಕೆರಳಿದೆ” ಎಂದು, ಉರಿಯೂತ ತೋರಿಸುವ ಈ ಪ್ರೋಟೀನಿನ ಅಳತೆ ನೋಡಿ ಒಬ್ಬರು ಹೆದರುತ್ತಾರೆ. “ಸಿಆರ್‌ಪಿ ನಾರ್ಮಲ್, ಇನ್ನು ಮಾತ್ರೆ ಯಾಕೆ?” ಎಂದು ಇನ್ನೊಬ್ಬರು ಕೇಳುತ್ತಾರೆ. ಎರಡೂ ತಪ್ಪಾಗುವ ಸಂದರ್ಭಗಳು ಬೇಕಾದಷ್ಟಿವೆ. ಒಂದು ಸಂಖ್ಯೆ ದೇಹದ ಯಾವ ಭಾಗದಲ್ಲಿ ಹುಟ್ಟುತ್ತದೆ, ಎಷ್ಟು ಬೇಗ ಏರಿಳಿಯುತ್ತದೆ, ಕರುಳಿಗೆ ಸಂಬಂಧವೇ ಇಲ್ಲದ ಯಾವ ಕಾರಣಕ್ಕೆ ಕೆಡುತ್ತದೆ ಎಂಬುದು ಗೊತ್ತಿದ್ದರೆ ರಿಪೋರ್ಟನ್ನು ಓದಬಹುದು. ಇಲ್ಲದಿದ್ದರೆ ಅದು ಹೆದರಿಸುವ ಅಥವಾ ಸುಮ್ಮನೆ ಸಮಾಧಾನ ಕೊಡುವ ಕಾಗದ, ಅಷ್ಟೆ.

ಸಿಆರ್‌ಪಿ: ಲಿವರ್ ಕಳಿಸುವ ಸುದ್ದಿ

ಸಿ-ರಿಯಾಕ್ಟಿವ್ ಪ್ರೋಟೀನನ್ನು, ಅಂದರೆ ಸಿಆರ್‌ಪಿಯನ್ನು, 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಗುರುತಿಸಿದರು. ಅವರು ನೋಡುತ್ತಿದ್ದದ್ದು ನ್ಯುಮೋನಿಯಾ ರೋಗಿಗಳ ರಕ್ತವನ್ನು. ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ‘ಸಿ’ ಎಂಬ ಸಕ್ಕರೆ ಅಂಶಕ್ಕೆ ಅಂಟಿಕೊಳ್ಳುತ್ತದೆ ಎಂಬ ಕಾರಣಕ್ಕೆ ಈ ಹೆಸರು ಬಂತು. ಅಂದರೆ ಮೊದಲಿನಿಂದಲೂ ಇದು ಕರುಳಿನ ಪರೀಕ್ಷೆಯಲ್ಲ, ಯಾವುದೇ ಉರಿಯೂತಕ್ಕೆ ದೇಹ ಕೊಡುವ ಸಾಮಾನ್ಯ ಪ್ರತಿಕ್ರಿಯೆ.

ಕರುಳಿನ ಗೋಡೆಯಲ್ಲಿ ಉರಿಯೂತ ಎದ್ದಾಗ ಅಲ್ಲಿನ ಪ್ರತಿರಕ್ಷಣಾ ಕಣಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವುಗಳಲ್ಲಿ ಮುಖ್ಯವಾದ ಇಂಟರ್‌ಲ್ಯೂಕಿನ್-6 ರಕ್ತದಲ್ಲಿ ಸಾಗಿ ಲಿವರ್ ತಲುಪುತ್ತದೆ, ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಆರೇಳು ಗಂಟೆಗಳಲ್ಲಿ ಮಟ್ಟ ಏರಲು ಶುರುವಾಗಿ, ಸುಮಾರು 48 ಗಂಟೆಗೆ ತುದಿ ಮುಟ್ಟುತ್ತದೆ. ಪ್ರಚೋದನೆ ನಿಂತ ಮೇಲೆ ಪ್ರತಿ 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹೊಸ ಔಷಧಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವೈದ್ಯರು ಇದನ್ನು ನೆಚ್ಚುವುದಕ್ಕೆ ಈ ಚುರುಕೇ ಕಾರಣ.

ಹೆಚ್ಚಿನ ಲ್ಯಾಬುಗಳು ಲೀಟರಿಗೆ 5 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಸಹಜ ಎನ್ನುತ್ತವೆ. ಕೆಲವು ಲ್ಯಾಬುಗಳು ಡೆಸಿಲೀಟರ್ ಲೆಕ್ಕದಲ್ಲಿ ಮುದ್ರಿಸುತ್ತವೆ. ಆಗ ಅದೇ ರಕ್ತ 0.5 ಎಂದು ತೋರಿಸುತ್ತದೆ. ಒಂದು ಕಡೆ 12, ಇನ್ನೊಂದು ಕಡೆ 1.2 ಬಂದರೆ ಕಾಯಿಲೆ ಹತ್ತು ಪಟ್ಟು ಇಳಿದಿಲ್ಲ, ಅಳತೆಯ ಘಟಕ ಬದಲಾಗಿದೆ. ಸಂಖ್ಯೆಯ ಪಕ್ಕದ ಘಟಕವನ್ನು ಓದದೆ ಯಾವ ತೀರ್ಮಾನಕ್ಕೂ ಬರಬೇಡಿ.

ಇನ್ನು ಸಿಆರ್‌ಪಿ ಕೈಕೊಡುವ ಜಾಗಗಳು. ಕ್ರೋನ್ಸ್ ಕಾಯಿಲೆಯಲ್ಲಿ ಉರಿಯೂತ ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೆ, ಹೊರಗಿನ ಕೊಬ್ಬಿನವರೆಗೂ ಇಳಿಯುತ್ತದೆ. ಹಾಗಾಗಿ ಸಿಆರ್‌ಪಿ ಚೆನ್ನಾಗಿ ಏರುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಒಳಪದರಕ್ಕೆ ಸೀಮಿತ. ಗುದನಾಳದ ಕೆಲವೇ ಸೆಂಟಿಮೀಟರಿನಲ್ಲಿ ಕಾಯಿಲೆ ಇರುವವರಿಗೆ ದಿನಕ್ಕೆ ಐದಾರು ಸಲ ರಕ್ತ ಬೆರೆತ ಮೋಷನ್ ಆಗುತ್ತಿದ್ದರೂ ಸಿಆರ್‌ಪಿ 3 ಇರಬಹುದು. “ರಿಪೋರ್ಟ್ ಸರಿಯಾಗಿದೆ, ಮೂಲವ್ಯಾಧಿ ಇರಬೇಕು” ಎಂದು ಮುಲಾಮು ಕೊಟ್ಟು ಕಳಿಸುವ ತಪ್ಪು ನಡೆಯುವುದು ಇಲ್ಲೇ. ಇದಲ್ಲದೆ, ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚು ತಯಾರಿಸದ ದೇಹಗಳಿವೆ. ಕಾಯಿಲೆ ಪತ್ತೆಯಾದಾಗ, ಕೊಲೊನೊಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳು ನೋಡುವ ಪರೀಕ್ಷೆಯಲ್ಲಿ) ಹುಣ್ಣುಗಳು ಕಣ್ಣಿಗೆ ಕಂಡ ಆ ಹೊತ್ತಿನಲ್ಲೂ, ನಿಮ್ಮ ಸಿಆರ್‌ಪಿ ಸಹಜವಾಗಿತ್ತೇ? ಹಾಗಿದ್ದರೆ ಮುಂದೆಯೂ ಆ ಸಂಖ್ಯೆ ನಿಮ್ಮ ವಿಷಯದಲ್ಲಿ ಬಾಯಿ ಬಿಡಲಿಕ್ಕಿಲ್ಲ. ಈ ಮಾತನ್ನು ಫೈಲಿನ ಮೊದಲ ಪುಟದಲ್ಲೇ ಬರೆದಿಡಿ. ಊರು ಬದಲಿಸಿ ಹೊಸ ವೈದ್ಯರ ಬಳಿ ಹೋದಾಗ ಇದಕ್ಕಿಂತ ಉಪಯೋಗದ ಸಾಲು ಇನ್ನೊಂದಿಲ್ಲ.

ತಿರುವುಮುರುವೂ ಉಂಟು. ವೈರಲ್ ಜ್ವರ, ಹಲ್ಲಿನ ಕೀವು, ಮೂತ್ರದ ಸೋಂಕು, ಮೊನ್ನೆ ಹಾಕಿಸಿದ ಲಸಿಕೆ ಎಲ್ಲವೂ ಸಿಆರ್‌ಪಿ ಏರಿಸುತ್ತವೆ. ಬೊಜ್ಜಿರುವವರಲ್ಲಿ ಯಾವ ಕಾಯಿಲೆಯೂ ಇಲ್ಲದೆ 6, 8 ಎಂದು ನಿಂತಿರುತ್ತದೆ. ಕರುಳಿನ ಕಾಯಿಲೆಯವರಲ್ಲಿ ದಿಢೀರನೆ 100 ದಾಟಿದರೆ ‘ಕೆರಳಿದೆ’ ಎಂದಷ್ಟೇ ಅಂದುಕೊಂಡು ಸ್ಟೀರಾಯ್ಡ್ ಹೆಚ್ಚಿಸುವುದು ಅಪಾಯ. ಹೊಟ್ಟೆಯೊಳಗೆ ಕೀವು ಕಟ್ಟಿದೆಯೇ, ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಸೋಂಕಿದೆಯೇ ಎಂದು ಮೊದಲು ನೋಡಬೇಕು.

ಸಿಆರ್‌ಪಿ ನಿಜಕ್ಕೂ ನಿರ್ಣಾಯಕವಾಗುವ ಒಂದು ಸಂದರ್ಭವೆಂದರೆ ತೀವ್ರ ಕೊಲೈಟಿಸ್‌ನಿಂದ ಆಸ್ಪತ್ರೆ ಸೇರಿದಾಗ. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಹಾಕಿಕೊಟ್ಟ ಮಾನದಂಡ ಇಂದಿಗೂ ನಡೆಯುತ್ತಿದೆ: ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಬೇಧಿ, ಜೊತೆಗೆ ನಾಡಿ 90ಕ್ಕಿಂತ ಹೆಚ್ಚು, ಜ್ವರ 37.8 ಡಿಗ್ರಿಗಿಂತ ಹೆಚ್ಚು, ಹಿಮೋಗ್ಲೋಬಿನ್ 10.5ಕ್ಕಿಂತ ಕಡಿಮೆ, ಇಎಸ್‌ಆರ್ (ಕೆಂಪುಕಣಗಳು ಕೆಳಗಿಳಿಯುವ ವೇಗ, ವಿವರ ಮುಂದಿದೆ) 30ಕ್ಕಿಂತ ಹೆಚ್ಚು, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಅದು ತೀವ್ರ ಕೊಲೈಟಿಸ್, ದಾಖಲಾಗಲೇಬೇಕು. ರಕ್ತನಾಳದ ಮೂಲಕ ಸ್ಟೀರಾಯ್ಡ್ ಶುರುವಾದ ಮೂರನೆಯ ದಿನ ಲೆಕ್ಕ ಹಾಕುತ್ತಾರೆ. 1996ರಲ್ಲಿ ಆಕ್ಸ್‌ಫರ್ಡಿನಿಂದಲೇ ಬಂದ ಅಧ್ಯಯನದ ಪ್ರಕಾರ ಆ ದಿನ ಮೋಷನ್ ಎಂಟಕ್ಕಿಂತ ಹೆಚ್ಚಿದ್ದರೆ, ಅಥವಾ ಮೂರರಿಂದ ಎಂಟಿದ್ದು ಸಿಆರ್‌ಪಿ 45ಕ್ಕಿಂತ ಮೇಲಿದ್ದರೆ, ಅಂಥವರಲ್ಲಿ ಶೇ. 85 ಮಂದಿಗೆ ಅದೇ ದಾಖಲಾತಿಯಲ್ಲಿ ದೊಡ್ಡ ಕರುಳು ತೆಗೆಯುವ ಶಸ್ತ್ರಚಿಕಿತ್ಸೆ ಬೇಕಾಯಿತು. ಈಗ ಆ ಹಂತದಲ್ಲಿ ಪ್ರತಿರಕ್ಷಣೆಯನ್ನು ತಗ್ಗಿಸುವ ಔಷಧಿಗಳಾದ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಸೈಕ್ಲೋಸ್ಪೊರಿನ್ ಇರುವುದರಿಂದ ಚಿತ್ರ ಬದಲಾಗಿದೆ. ಆದರೆ ಮೂರನೆಯ ದಿನದ ರಕ್ತ ತಪ್ಪಿಸುವಂತಿಲ್ಲ. “ಇನ್ನೆರಡು ದಿನ ನೋಡೋಣ” ಎಂದು ಹತ್ತು ದಿನ ಎಳೆದರೆ, ಕೊನೆಗೆ ಸೊರಗಿದ ದೇಹಕ್ಕೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ.

ಇಎಸ್‌ಆರ್, ಪ್ಲೇಟ್‌ಲೆಟ್, ಅಲ್ಬುಮಿನ್

ಇಎಸ್‌ಆರ್ ಹಳೆಯ ಪರೀಕ್ಷೆ. 200 ಮಿಲಿಮೀಟರ್ ಗುರುತಿನ ನೆಟ್ಟಗಿನ ಕೊಳವೆಯಲ್ಲಿ, ಸಿಟ್ರೇಟ್ ಬೆರೆಸಿದ ರಕ್ತದ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯುತ್ತವೆ ಎಂಬ ಅಳತೆ. ಕೊಳವೆ ಮೂರು ಡಿಗ್ರಿ ವಾಲಿದರೂ ಉತ್ತರ ಗಣನೀಯವಾಗಿ ಹೆಚ್ಚುತ್ತದೆ, ಸೆಕೆಯ ಕೋಣೆಯಲ್ಲೂ ಹಾಗೆಯೇ. ರಕ್ತಹೀನತೆ, ವಯಸ್ಸು, ಗರ್ಭಧಾರಣೆ ಎಲ್ಲವೂ ಇದನ್ನು ಏರಿಸುತ್ತವೆ. ಇದು ಮುಖ್ಯವಾಗಿ ಫೈಬ್ರಿನೋಜನ್ ಎಂಬ ರಕ್ತದ ಪ್ರೋಟೀನಿನ ಮೇಲೆ ನಿಂತಿರುವುದರಿಂದ, ಕರುಳು ತಣ್ಣಗಾಗಿ ವಾರಗಳು ಕಳೆದರೂ ಇಎಸ್‌ಆರ್ ಮೇಲೆಯೇ ಇರಬಹುದು. ಹಿಮೋಗ್ಲೋಬಿನ್ 8 ಇರುವವರ ಇಎಸ್‌ಆರ್ 60 ಬಂದರೆ ಅದರಲ್ಲಿ ಉರಿಯೂತದ ಪಾಲೆಷ್ಟು, ರಕ್ತಹೀನತೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಸಿಆರ್‌ಪಿ ಸಿಗುವ ಊರಿನಲ್ಲಿ ಇಎಸ್‌ಆರ್‌ಗೆ ಹೆಚ್ಚು ತೂಕ ಕೊಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ಲೇಟ್‌ಲೆಟ್ ನಾಲ್ಕೂವರೆ ಲಕ್ಷ ದಾಟಿದರೆ ಎರಡು ಅರ್ಥ ಇರಬಹುದು: ಉರಿಯೂತ, ಇಲ್ಲವೇ ಕಬ್ಬಿಣದ ಕೊರತೆ. ಎರಡೂ ಒಟ್ಟಿಗಿರುವುದೇ ಹೆಚ್ಚು. ನಮ್ಮಲ್ಲಿ ಡೆಂಗಿಯ ದೆಸೆಯಿಂದ ಪ್ಲೇಟ್‌ಲೆಟ್ ಇಳಿದರೆ ಮಾತ್ರ ಭಯಪಡುವ ರೂಢಿಯಾಗಿದೆ. ಏರಿದ್ದನ್ನು ಯಾರೂ ಗಮನಿಸುವುದಿಲ್ಲ. ಕಾಯಿಲೆ ಕೆರಳಿದಾಗ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಆದ್ದರಿಂದಲೇ ಮೋಷನ್ನಿನಲ್ಲಿ ರಕ್ತ ಹೋಗುತ್ತಿದ್ದರೂ ಆಸ್ಪತ್ರೆಯಲ್ಲಿ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ. ಅದನ್ನು ಕಂಡು ಗಾಬರಿಯಾಗಬೇಡಿ.

ಲಿವರ್ ತಯಾರಿಸುವ ಪ್ರೋಟೀನಾದ ಅಲ್ಬುಮಿನ್ ನಿಧಾನದ ಸಾಕ್ಷಿ. ಅದರ ಅರ್ಧಾಯುಷ್ಯ ಸುಮಾರು 20 ದಿನ. ಡೆಸಿಲೀಟರಿಗೆ 3.5 ಗ್ರಾಮಿಗಿಂತ ಕೆಳಗಿಳಿದರೆ ಉಣ್ಣುವುದು ಸಾಲದು ಎಂದು ಮನೆಯವರು ಮೊಟ್ಟೆ, ಪ್ರೋಟೀನ್ ಪುಡಿ ತಂದುಕೊಡುತ್ತಾರೆ. ತಿನ್ನುವುದು ಒಳ್ಳೆಯದೇ, ಆದರೆ ಕಾರಣ ಬೇರೆ. ಉರಿಯೂತವಿರುವಾಗ ಲಿವರ್ ಅಲ್ಬುಮಿನ್ ತಯಾರಿಕೆ ತಗ್ಗಿಸುತ್ತದೆ, ಹುಣ್ಣಾದ ಕರುಳಿನಿಂದ ಅದು ಸೋರಿಯೂ ಹೋಗುತ್ತದೆ. ಉರಿಯೂತ ತಗ್ಗದೆ ಬರೀ ಪುಡಿಯಿಂದ ಅದು ಏರುವುದಿಲ್ಲ. ಅಲ್ಬುಮಿನ್ ಕಡಿಮೆ ಇರುವವರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಕೂಡ ಬೇಗ ಖಾಲಿಯಾಗುತ್ತದೆ. ವೈದ್ಯರು ಡೋಸ್ ತೀರ್ಮಾನಿಸುವಾಗ ಈ ಸಂಖ್ಯೆ ನೋಡುವುದು ಅದಕ್ಕೇ.

ಫೆರಿಟಿನ್ ‘ನಾರ್ಮಲ್’ ಎಂದಾಗ

ಅತಿ ಹೆಚ್ಚು ತಪ್ಪು ಓದುವುದು ಈ ಸಾಲನ್ನು. ಫೆರಿಟಿನ್ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ. ಆದರೆ ಉರಿಯೂತ ಬಂದರೆ, ಕಬ್ಬಿಣ ಇರಲಿ ಬಿಡಲಿ, ಅದು ತಾನಾಗಿ ಏರುತ್ತದೆ. ಆದ್ದರಿಂದ ಲ್ಯಾಬಿನವರು ಮುದ್ರಿಸುವ ಸಹಜ ಮಿತಿ ಕೆರಳಿದ ಕರುಳಿನವರಿಗೆ ಅನ್ವಯಿಸುವುದಿಲ್ಲ. ಉರಿಯೂತ ಇಲ್ಲದಿದ್ದಾಗ 30ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ. ಉರಿಯೂತ ಇರುವಾಗ 100ರವರೆಗೂ ಕೊರತೆ ಇರಬಹುದು. 100 ದಾಟಿದ್ದು, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಕಬ್ಬಿಣ ಸಾಗಿಸುವ ಪ್ರೋಟೀನಿನಲ್ಲಿ ಕಬ್ಬಿಣ ತುಂಬಿರುವ ಪಾಲು) ಶೇ. 20ಕ್ಕಿಂತ ಕಡಿಮೆ ಇದ್ದರೆ, ಕಬ್ಬಿಣ ಉಗ್ರಾಣದಲ್ಲಿದೆ, ಮೂಳೆಮಜ್ಜೆಗೆ ತಲುಪುತ್ತಿಲ್ಲ ಎಂದರ್ಥ.

ಒಂದು ರಿಪೋರ್ಟ್ ಹೀಗಿದೆ ಎಂದುಕೊಳ್ಳಿ. 50 ಕಿಲೋ ತೂಕದ ಮಹಿಳೆ, ಹಿಮೋಗ್ಲೋಬಿನ್ 8.4, ಸಿಆರ್‌ಪಿ 38, ಫೆರಿಟಿನ್ 62, ಸೀರಮ್ ಕಬ್ಬಿಣ 28, ಟಿಐಬಿಸಿ (ರಕ್ತ ಹೊರಬಲ್ಲ ಒಟ್ಟು ಕಬ್ಬಿಣ) 310. ಫೆರಿಟಿನ್ ಪಕ್ಕದಲ್ಲಿ ಯಾವ ಗುರುತೂ ಇಲ್ಲ, ಲ್ಯಾಬಿನ ಪ್ರಕಾರ ಸಹಜ. ಈಗ 28ನ್ನು 310ರಿಂದ ಭಾಗಿಸಿ ನೂರರಿಂದ ಗುಣಿಸಿ: ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಶೇ. 9. ಇವರಿಗೆ ಕಬ್ಬಿಣದ ಕೊರತೆ ಇದೆ, ಉರಿಯೂತವೂ ಸೇರಿದೆ.

ಮಾತ್ರೆ ಕೊಟ್ಟರೆ ಆಗದೇ? ಇಂಟರ್‌ಲ್ಯೂಕಿನ್-6 ಲಿವರ್‌ಗೆ ಸಿಆರ್‌ಪಿ ಮಾಡಿಸಿದಂತೆಯೇ ಹೆಪ್ಸಿಡಿನ್ ಎಂಬ ಹಾರ್ಮೋನನ್ನೂ ಮಾಡಿಸುತ್ತದೆ. ಹೆಪ್ಸಿಡಿನ್ ಕರುಳಿನ ಕಣಗಳಿಂದ ಕಬ್ಬಿಣ ರಕ್ತಕ್ಕೆ ದಾಟುವ ಬಾಗಿಲನ್ನು ಮುಚ್ಚಿಬಿಡುತ್ತದೆ. ನುಂಗಿದ ಕಬ್ಬಿಣ ಹೀರಿಕೆಯಾಗದೆ ಕರುಳಿನಲ್ಲೇ ಉಳಿದು ಹೊಟ್ಟೆನೋವು ತರುತ್ತದೆ. ಮೋಷನ್ ಕಪ್ಪಾಗಿ, ರಕ್ತ ಹೋಗುತ್ತಿದೆಯೇ ಎಂಬ ಅನುಮಾನ ಬೇರೆ. ಯುರೋಪಿನ ಮಾರ್ಗಸೂಚಿ ಹೇಳುವುದು ಸ್ಪಷ್ಟವಾಗಿದೆ: ಕಾಯಿಲೆ ಸಕ್ರಿಯವಾಗಿದ್ದರೆ, ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದರೆ, ಅಥವಾ ಮಾತ್ರೆ ಹಿಂದೆ ಒಗ್ಗದಿದ್ದರೆ, ಡ್ರಿಪ್ ಮೂಲಕ ಕಬ್ಬಿಣ. ಕಾಯಿಲೆ ತಣ್ಣಗಿದ್ದು ಕೊರತೆ ಸಣ್ಣದಿದ್ದರೆ ಮಾತ್ರೆ ಸಾಕು, ಅದೂ ದಿನಕ್ಕೆ 100 ಮಿಲಿಗ್ರಾಂ ಕಬ್ಬಿಣ ಮೀರದಂತೆ.

ಪ್ರಮಾಣದ ಸರಳ ಲೆಕ್ಕವೂ ಅಲ್ಲಿಯೇ ಇದೆ. ಹಿಮೋಗ್ಲೋಬಿನ್ 7ರಿಂದ 10, ತೂಕ 70 ಕಿಲೋಗಿಂತ ಕಡಿಮೆ ಇದ್ದರೆ ಒಟ್ಟು 1500 ಮಿಲಿಗ್ರಾಂ. 70 ಅಥವಾ ಮೇಲಿದ್ದರೆ 2000. ಹಿಮೋಗ್ಲೋಬಿನ್ 10ರ ಮೇಲಿದ್ದು ಇನ್ನೂ ಕೊರತೆಯಿದ್ದರೆ ಕ್ರಮವಾಗಿ 1000 ಮತ್ತು 1500. ಮೇಲಿನ ಮಹಿಳೆಗೆ 1500 ಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಡ್ರಿಪ್ ಕಬ್ಬಿಣವಾದರೆ ಒಂದು ಸಲಕ್ಕೆ 1000 ಮೀರದಂತೆ, ವಾರ ಬಿಟ್ಟು ಉಳಿದದ್ದು. ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಎರಡು ಗ್ರಾಂ ಏರಬೇಕು. ಏರದಿದ್ದರೆ ರಕ್ತ ಇನ್ನೂ ಸೋರುತ್ತಿದೆಯೇ, ಬಿ12 ಕಡಿಮೆಯೇ, ಉರಿಯೂತ ಹಾಗೆಯೇ ಇದೆಯೇ ಎಂದು ಹುಡುಕಬೇಕು. ಡ್ರಿಪ್ ಆದ ಹದಿನೈದೇ ದಿನಕ್ಕೆ ಫೆರಿಟಿನ್ ಮಾಡಿಸಿ “800 ಬಂದಿದೆ, ಕಬ್ಬಿಣ ಜಾಸ್ತಿಯಾಯಿತು” ಎಂದು ಓಡಿಬರುವವರಿದ್ದಾರೆ. ಎಂಟು ವಾರ ಕಳೆಯುವವರೆಗೆ ಆ ಪರೀಕ್ಷೆಗೆ ದುಡ್ಡು ಸುರಿಯಬೇಡಿ.

ಬಿ12 ಹೀರಿಕೆಯಾಗುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಕ್ರೋನ್ಸ್ ಹೆಚ್ಚಾಗಿ ಕಾಡುವುದೂ ಅಲ್ಲೇ. ಶಸ್ತ್ರಚಿಕಿತ್ಸೆಯಲ್ಲಿ ಅಲ್ಲಿಂದ 20–30 ಸೆಂಟಿಮೀಟರಿಗಿಂತ ಹೆಚ್ಚು ತೆಗೆದಿದ್ದರೆ ಜೀವನಪರ್ಯಂತ ಬಿ12 ಬೇಕಾಗುತ್ತದೆ. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಕಾಯಿಲೆಗೆ ಮೊದಲೇ ಬಿ12 ಕಡಿಮೆಯಿರುತ್ತದೆ. ಇಲ್ಲೊಂದು ಬಲೆಯಿದೆ. ಕಬ್ಬಿಣ ಕಡಿಮೆಯಾದರೆ ಕೆಂಪುಕಣ ಸಣ್ಣದಾಗುತ್ತದೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತದೆ. ಎರಡೂ ಇದ್ದರೆ ಸರಾಸರಿ ಗಾತ್ರ, ಅಂದರೆ ಎಂಸಿವಿ, ಸಹಜವಾಗಿ ಕಾಣುತ್ತದೆ. ಆಗ ಪಕ್ಕದ ಆರ್‌ಡಿಡಬ್ಲ್ಯೂ (ಕಣಗಳ ಗಾತ್ರದ ಏರುಪೇರು) ಏರಿದೆಯೇ ನೋಡಿ. ಪ್ರತಿರಕ್ಷಣೆ ತಗ್ಗಿಸುವ ಅಜಥಯೋಪ್ರಿನ್ ತೆಗೆದುಕೊಳ್ಳುವವರ ಎಂಸಿವಿ ಔಷಧಿಯಿಂದಲೇ ಏರುತ್ತದೆ ಎಂಬುದೂ ನೆನಪಿರಲಿ.

ಪ್ರತಿಕಾಯಗಳು ಮತ್ತು ಟಿಬಿಯ ಗೊಂದಲ

ಎಎಸ್‌ಸಿಎ ಮತ್ತು ಪಿ-ಆಂಕಾ ಎಂಬ ಎರಡು ಪ್ರತಿಕಾಯ ಪರೀಕ್ಷೆಗಳನ್ನು ದುಬಾರಿ ಪ್ಯಾಕೇಜುಗಳಲ್ಲಿ ಮಾರುತ್ತಾರೆ. ಮೊದಲನೆಯದು ಕ್ರೋನ್ಸ್ ಕಡೆಗೆ, ಎರಡನೆಯದು ಅಲ್ಸರೇಟಿವ್ ಕೊಲೈಟಿಸ್ ಕಡೆಗೆ ವಾಲುತ್ತದೆ. ಸಂಶೋಧನೆಗೆ ಇವು ಸ್ವಾರಸ್ಯದವು: ಇಸ್ರೇಲಿನ ಸೇನೆ ಸಂಗ್ರಹಿಸಿಟ್ಟ ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ, ಮುಂದೆ ಕ್ರೋನ್ಸ್ ಆದ 32 ಜನರಲ್ಲಿ 10 ಮಂದಿಗೆ ಕಾಯಿಲೆ ಗೊತ್ತಾಗುವ ಮೊದಲೇ ಎಎಸ್‌ಸಿಎ ಇತ್ತು. ಆದರೆ ನಮ್ಮ ದೇಶದಲ್ಲಿ ಕ್ರೋನ್ಸ್‌ಗೆ ಎದುರಾಳಿ ಕರುಳಿನ ಟಿಬಿ. ಎರಡರಲ್ಲೂ ಹುಣ್ಣು, ತೂಕ ಇಳಿಕೆ, ಕರುಳು ಕಿರಿದಾಗುವುದು ಒಂದೇ ಥರ. ದೆಹಲಿಯ ಏಮ್ಸ್‌ನಿಂದ 2007ರಲ್ಲಿ ಬಂದ ಅಧ್ಯಯನ ಎಎಸ್‌ಸಿಎ ಇವೆರಡನ್ನು ಬೇರ್ಪಡಿಸುವುದಿಲ್ಲ ಎಂದು ತೋರಿಸಿತು. ಆ ದುಡ್ಡನ್ನು ಬಯಾಪ್ಸಿ ತುಣುಕಿನ ಟಿಬಿ ಪರೀಕ್ಷೆಗೆ ಹಾಕುವುದು ಮೇಲು.

ಟಿಬಿ ಔಷಧಿಯನ್ನು ಪರೀಕ್ಷಾರ್ಥ ಶುರು ಮಾಡಿದ್ದರೆ, ಎರಡು ಮೂರು ತಿಂಗಳಿಗೆ ಮತ್ತೆ ಕೊಲೊನೊಸ್ಕೋಪಿ ಮಾಡಿ ಹುಣ್ಣು ಮಾಯ್ದಿದೆಯೇ ನೋಡಬೇಕು. ಹಸಿವು, ತೂಕ ಸುಧಾರಿಸಿತು ಎಂದು ಬಿಡುವಂತಿಲ್ಲ, ಕ್ರೋನ್ಸ್‌ನವರಿಗೂ ಕೆಲವು ದಿನ ಹಾಗೆ ಅನಿಸಬಹುದು. ಸಿಆರ್‌ಪಿ ಇಳಿಯದೆ ನಿಂತಿದ್ದರೆ ಕ್ರೋನ್ಸ್‌ನ ಅನುಮಾನ ಬಲವಾಗುತ್ತದೆ.

ಔಷಧಿಗಾಗಿ ಕೊಡುವ ರಕ್ತ

ಅಜಥಯೋಪ್ರಿನ್ ಶುರುವಾದವರಿಗೆ ಮೊದಲ ತಿಂಗಳು ವಾರಕ್ಕೊಮ್ಮೆ, ನಂತರ ಅಂತರ ಹೆಚ್ಚಿಸುತ್ತಾ ಮೂರು ತಿಂಗಳಿಗೊಮ್ಮೆ ರಕ್ತಕಣಗಳ ಎಣಿಕೆ ಮತ್ತು ಲಿವರ್ ಪರೀಕ್ಷೆ. ಶುರುವಿಗೆ ಮುಂಚೆ, ಔಷಧಿ ದೇಹಕ್ಕೆ ಒಗ್ಗುತ್ತದೆಯೇ ಎಂದು ತಿಳಿಯಲು, ಟಿಪಿಎಂಟಿ ಜೀನ್ ಪರೀಕ್ಷೆ ಪಾಶ್ಚಾತ್ಯರ ರೂಢಿ. ಏಷ್ಯಾದವರಲ್ಲಿ ಎನ್‌ಯುಡಿಟಿ15 ಜೀನಿನ ಬದಲಾವಣೆ ಹೆಚ್ಚು ಮುಖ್ಯ. ಎರಡು ಪ್ರತಿಗಳೂ ಬದಲಾಗಿರುವವರಿಗೆ ಔಷಧಿ ಶುರುವಾದ ಕೆಲವೇ ವಾರಗಳಲ್ಲಿ ತಲೆಗೂದಲು ಹಿಡಿಹಿಡಿಯಾಗಿ ಉದುರಿ, ಬಿಳಿ ರಕ್ತಕಣಗಳು ಕುಸಿಯುತ್ತವೆ. ಕೂದಲು ಉದುರಿದ್ದನ್ನು ಎಣ್ಣೆ ಬದಲಿಸಿ ನೋಡುತ್ತಾ ಕೂರಬೇಡಿ, ಅಂದೇ ಎಣಿಕೆ ಮಾಡಿಸಿ. ಯೂರಿಕ್ ಆಮ್ಲಕ್ಕೆ ಕೊಡುವ ಅಲೊಪ್ಯುರಿನಾಲ್, ಫೆಬುಕ್ಸೊಸ್ಟಾಟ್ ಜೊತೆ ಅಜಥಯೋಪ್ರಿನ್ ಪೂರ್ತಿ ಡೋಸ್ ಸೇರಿದರೂ ಇದೇ ಗತಿ. ಸ್ಟೀರಾಯ್ಡ್ ಮಾತ್ರ ಇದಕ್ಕೆ ಉಲ್ಟಾ: ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವಾಗ ಬಿಳಿ ಕಣ 14,000 ಬಂದರೆ ಅದು ಸೋಂಕೇ ಆಗಬೇಕಿಲ್ಲ. ಮೆಸಲಮೈನ್‌ಗೆ (ಕರುಳಿನ ಉರಿಯೂತದ ಔಷಧಿ) ವರ್ಷಕ್ಕೊಮ್ಮೆ ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆ ಸಾಕು.

ಇನ್‌ಫ್ಲಿಕ್ಸಿಮ್ಯಾಬ್‌ನಂಥ ಇಂಜೆಕ್ಷನ್‌ಗಳಿಗೆ ಮುಂಚೆ ಟಿಬಿಗಾಗಿ ಇಗ್ರಾ ರಕ್ತಪರೀಕ್ಷೆ ಮತ್ತು ಎದೆಯ ಚಿತ್ರ, ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಇಗ್ರಾವನ್ನು ಸ್ಟೀರಾಯ್ಡ್ ಶುರುವಾಗುವ ಮೊದಲೇ ಮಾಡಿಸಿದರೆ ಉತ್ತರ ಸ್ಪಷ್ಟವಾಗಿ ಬರುವ ಸಂಭವ ಹೆಚ್ಚು. ಔಷಧಿ ಕೆಲಸ ನಿಲ್ಲಿಸಿದಂತೆ ಕಂಡರೆ ರಕ್ತದಲ್ಲಿ ಅದರ ಮಟ್ಟ ಅಳೆಯುತ್ತಾರೆ. ಮಾದರಿ ಕೊಡಬೇಕಾದದ್ದು ಮುಂದಿನ ಡೋಸಿಗೆ ಸ್ವಲ್ಪ ಮುಂಚೆ. ಡ್ರಿಪ್ ಮುಗಿದ ಮೇಲೆ ಅದೇ ಸೂಜಿಯಿಂದ ರಕ್ತ ತೆಗೆದರೆ ಆ ಪರೀಕ್ಷೆ ಹಾಳು. ಇನ್‌ಫ್ಲಿಕ್ಸಿಮ್ಯಾಬ್ ಮಟ್ಟ ಮಿಲಿಲೀಟರಿಗೆ 5 ಮೈಕ್ರೊಗ್ರಾಂಗಿಂತ ಕಡಿಮೆಯಿದ್ದು ಔಷಧಿಯ ವಿರುದ್ಧ ಪ್ರತಿಕಾಯಗಳಿಲ್ಲದಿದ್ದರೆ ಡೋಸ್ ಏರಿಸಬಹುದು, ಪ್ರತಿಕಾಯ ಬಲವಾಗಿದ್ದರೆ ಔಷಧಿ ಬದಲಿಸಬೇಕು. ಮಟ್ಟ ಚೆನ್ನಾಗಿದ್ದೂ ಹುಣ್ಣಿದ್ದರೆ ಬೇರೆ ಬಗೆಯ ಔಷಧಿಗೆ ಹೋಗಬೇಕು.

ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಪರೀಕ್ಷೆಗೆ ಎರಡು ದಿನ ಮುಂಚೆ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಫೆರಿಟಿನ್, ಬಿ12, ವಿಟಮಿನ್ ಡಿ ಉತ್ತರಗಳನ್ನು ಅದು ಕೆಡಿಸುತ್ತದೆ. ಕಬ್ಬಿಣದ ಪರೀಕ್ಷೆ ಇದ್ದರೆ ಹಿಂದಿನ ದಿನದಿಂದ ಕಬ್ಬಿಣದ ಮಾತ್ರೆ ಬೇಡ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡಿ.

ಸಭಿಕರ ಪ್ರಶ್ನೆಗಳಿಂದ

ರಕ್ತಕ್ಕಿಂತ ಮಲದ ಪರೀಕ್ಷೆ ಒಳ್ಳೆಯದೇ?

ಕರುಳಿನ ಮಟ್ಟಿಗೆ ಹೌದು. ಕ್ಯಾಲ್‌ಪ್ರೊಟೆಕ್ಟಿನ್ ಬಿಳಿ ರಕ್ತಕಣದೊಳಗಿನ ಪ್ರೋಟೀನ್. ಉರಿಯೂತದಿಂದ ಆ ಕಣಗಳು ಕರುಳಿಗೆ ಇಳಿದಾಗ ಮಲದಲ್ಲಿ ಸಿಗುತ್ತದೆ. ಗ್ರಾಮಿಗೆ 50 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ನೆಮ್ಮದಿ. 250 ದಾಟಿದರೆ ಹುಣ್ಣಿನ ಸಂಭವ ಹೆಚ್ಚು. ನಡುವಿನದನ್ನು ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ನುಂಗಿದ್ದರೆ ಅದೂ ಏರಿಸುತ್ತದೆ. ರಕ್ತದ ಸಿಆರ್‌ಪಿ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಎರಡನ್ನೂ ನೋಡಿ ಚಿಕಿತ್ಸೆ ನಡೆಸಿದರೆ ಏನಾಗುತ್ತದೆ ಎಂದು 244 ಕ್ರೋನ್ಸ್ ರೋಗಿಗಳಲ್ಲಿ ನೋಡಿದ ಕಾಮ್ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಲಕ್ಷಣದ ಜೊತೆಗೆ ಸಿಆರ್‌ಪಿ 5, ಕ್ಯಾಲ್‌ಪ್ರೊಟೆಕ್ಟಿನ್ 250 ಮುಟ್ಟಿದರೂ ಔಷಧಿ ಏರಿಸಿದ ಗುಂಪಿನಲ್ಲಿ 48 ವಾರಕ್ಕೆ ಶೇ. 46 ಮಂದಿಯ ಹುಣ್ಣು ಮಾಯ್ದಿತ್ತು. ಮುಖ್ಯವಾಗಿ ಲಕ್ಷಣ ನೋಡಿ ನಡೆಸಿದ ಗುಂಪಿನಲ್ಲಿ ಅದು ಶೇ. 30.

ಎಲ್ಲ ಸಹಜವಾಗಿದ್ದರೆ ಕೊಲೊನೊಸ್ಕೋಪಿ ಬಿಡಬಹುದೇ?

ಕಾಯಿಲೆ ತಣ್ಣಗಿದೆಯೇ ಎಂದು ನೋಡಲು ಪದೇ ಪದೇ ಮಾಡಿಸುವುದನ್ನು ಕಡಿಮೆ ಮಾಡಬಹುದು. ದೊಡ್ಡ ಕರುಳಿನ ಕಾಯಿಲೆ ಶುರುವಾಗಿ ಎಂಟು ವರ್ಷವಾದ ಮೇಲೆ ಕ್ಯಾನ್ಸರ್ ತಪಾಸಣೆಗೆ ಮಾಡಿಸುವ ಕೊಲೊನೊಸ್ಕೋಪಿಗೆ ಯಾವ ರಕ್ತಪರೀಕ್ಷೆಯೂ ಬದಲಿಯಲ್ಲ. ಕೊಲೈಟಿಸ್ ಇರುವವರ ಅಲ್ಕಲೈನ್ ಫಾಸ್ಫಟೇಸ್ ಏರಿಯೇ ಇದ್ದರೆ ಪಿತ್ತನಾಳದ ಎಂಆರ್‌ಐ ಬೇಕು. ಪಿತ್ತನಾಳದ ಕಾಯಿಲೆ ಸೇರಿಕೊಂಡಿದ್ದರೆ ಎಂಟು ವರ್ಷ ಕಾಯದೆ ಕೂಡಲೇ ತಪಾಸಣೆ ಶುರು.

ಅಜಥಯೋಪ್ರಿನ್ ನಡೆಯುತ್ತಿರುವಾಗ ಜ್ವರ ಬಂದರೆ?

ಅವತ್ತಿನ ಮಾತ್ರೆ ತೆಗೆದುಕೊಳ್ಳದೆ ವೈದ್ಯರಿಗೆ ಫೋನ್ ಮಾಡಿ, ಅಂದೇ ರಕ್ತಕಣಗಳ ಎಣಿಕೆ ಮಾಡಿಸಿ. ಸಿಆರ್‌ಪಿ ಏರಿರುವುದು ಆಗ ಜ್ವರದಿಂದ, ಅದನ್ನು ಕರುಳಿನ ಲೆಕ್ಕಕ್ಕೆ ಹಾಕಬೇಡಿ. ಎಣಿಕೆಯಲ್ಲಿ ಒಟ್ಟು ಬಿಳಿ ಕಣಗಳ ಜೊತೆಗೆ ಸೋಂಕಿನೊಡನೆ ಹೋರಾಡುವ ನ್ಯೂಟ್ರೊಫಿಲ್ ಕಣಗಳು ಎಷ್ಟಿವೆ ಎಂಬುದನ್ನೂ ಓದಿ ಹೇಳಿ. ಸಾವಿರಕ್ಕಿಂತ ಕಡಿಮೆ ಇದ್ದರೆ ಆಸ್ಪತ್ರೆಗೆ ಹೊರಡಿ, ಬೆಳಗಾಗುವವರೆಗೆ ಕಾಯಬೇಡಿ. ಎಣಿಕೆ ಸರಿಯಿದ್ದರೆ ಜ್ವರದ ಕಾರಣ ಹುಡುಕಿ ಚಿಕಿತ್ಸೆ ಮಾಡಿ, ಜ್ವರ ಬಿಟ್ಟ ಮೇಲೆ ಯಾವ ಡೋಸಿನಿಂದ ಮತ್ತೆ ಶುರು ಮಾಡಬೇಕೆಂದು ವೈದ್ಯರನ್ನೇ ಕೇಳಿ. ಸ್ಟೀರಾಯ್ಡನ್ನೂ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮಾತ್ರ ಥಟ್ಟನೆ ನಿಲ್ಲಿಸಬೇಡಿ.